ಮೊಳೆಗೆ ಸುತ್ತಿಟ್ಟ ನೀಲಿ ವೈರು

ಕಳೆದ ವಾರ ನಮ್ಮ ಕಾಲೇಜಿನ ಸ್ಟೋರ್ ರೂಮ್ ಖಾಲಿ ಮಾಡಿಸುವಾಗ, ಮುರಿದ ಕೀಬೋರ್ಡುಗಳ ರಾಶಿಯ ಅಡಿಯಿಂದ ಬೂದು ಬಣ್ಣದ ಒಂದು ತಗಡಿನ ಡಬ್ಬ ಹೊರಬಂತು. ಊಟದ ಡಬ್ಬಿಗಿಂತ ಸ್ವಲ್ಪ ಅಗಲ, ಹಿಂಬದಿಯಲ್ಲಿ ಎರಡೇ ಎರಡು ಕಿಂಡಿ. ಗುಜರಿಯವನು ಅದನ್ನೂ ಚೀಲಕ್ಕೆ ಹಾಕಲು ಹೋದ. "ಇರಪ್ಪ" ಎಂದು ಕಿತ್ತುಕೊಂಡೆ. ಪಕ್ಕದಲ್ಲಿದ್ದ ಹೊಸ ಲೆಕ್ಚರರ್, "ಇದೇನ್ ಮೇಡಂ, ರೂಟರಾ?" ಎಂದಳು. ಬ್ರಿಡ್ಜ್ ಎಂದೆ. ಈಗಿನವರಿಗೆ ನೆಟ್‌ವರ್ಕ್ ಸ್ವಿಚ್ ಗೊತ್ತು, ಅದರ ಅಜ್ಜಿ ಗೊತ್ತಿಲ್ಲ. ನಾನೂ ಅಂಥದ್ದನ್ನು ನೋಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ನಮ್ಮ ಸಿಸ್ಟಮ್ ಮೇಡಂ ನೆನಪಾದರು...

ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಅವರು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಉಲ್ಲಾಳದಿಂದ ಎರಡು ಬಸ್ಸು ಬದಲಾಯಿಸಿ ಬಂದು ಅವರ ಕೈಕೆಳಗೆ ಡೇಟಾ ಎಂಟ್ರಿ ಮಾಡುತ್ತಿದ್ದೆ. ಅವರಿಗೆ ನಲವತ್ತೈದರ ಆಸುಪಾಸು. ಆರ್‌ಪಿಸಿ ಲೇಔಟ್‌ನಲ್ಲಿ ಮನೆ, ಗಂಜಿ ಹಾಕಿದ ಕಾಟನ್ ಸೀರೆ, ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆಯ ಜೊತೆಗೆ ಒಂದು ಸ್ಕ್ರೂಡ್ರೈವರ್. ಅವರು ಸೇರಿದ್ದು ಟೈಪಿಸ್ಟ್ ಆಗಿ. ಕಂಪ್ಯೂಟರ್ ಜೋಡಿಸಲು ಬಂದ ಇಂಜಿನಿಯರುಗಳ ಹಿಂದೆಯೇ ಓಡಾಡಿ, ಕಾಫಿ ತರಿಸಿಕೊಟ್ಟು, ಕೇಳಿ ಕೇಳಿ ಎಲ್ಲವನ್ನೂ ಕಲಿತಿದ್ದರು. ಯಜಮಾನರಿಗೆ ಅದು ಅಷ್ಟಾಗಿ ಒಗ್ಗಿರಲಿಲ್ಲ. "ಟೈಪಿಸ್ಟ್ ಕೈಗೆ ನೆಟ್‌ವರ್ಕ್ ಕೊಟ್ಟಿದೀನಿ. ಇನ್ನೊಂದ್ಸಲ ಏನಾದ್ರೂ ನಿಂತೋದ್ರೆ ಹೊರಗಿನೋರ್ಗೆ ವಹಿಸ್ತೀನಿ" ಎಂದು ಎಲ್ಲರ ಎದುರಿಗೇ ಹೇಳಿದ್ದರು. ಮೇಡಂ ಮಾರನೇ ದಿನದಿಂದ ಅರ್ಧ ಗಂಟೆ ಮುಂಚೆ ಬರಲು ಶುರು ಮಾಡಿದರು.

ನಮ್ಮದು ಓಣಿಯ ಆಚೆ ಈಚೆ ಎರಡು ಕಟ್ಟಡ. ಈ ಕಡೆ ಹೊಲಿಗೆ, ಆ ಕಡೆ ಆಫೀಸು. ಒಂದೊಂದು ಕಡೆಯ ಕಂಪ್ಯೂಟರುಗಳೆಲ್ಲ ಒಂದೊಂದು ಹಬ್ಬಿಗೆ ಸೇರುತ್ತಿದ್ದವು. ಹಬ್ ಅಂದರೆ ಬುದ್ಧಿ ಕಡಿಮೆ, ಗಂಟಲು ಜಾಸ್ತಿ. ಒಬ್ಬರು ಹೇಳಿದ್ದನ್ನು ಎಲ್ಲರಿಗೂ ಕೂಗಿ ಹೇಳುವುದಷ್ಟೇ ಅದರ ಕೆಲಸ. ಎರಡು ಹಬ್ಬಿನ ನಡುವೆ ಓಣಿಯ ಮೇಲಿಂದ ಒಂದು ನೀಲಿ ವೈರು. ಹೊಲಿಗೆ ಕಡೆಯಲ್ಲಿ ಅಂಗಿಯ ಅಳತೆಯ ಚಿತ್ರ ಬಿಡಿಸುವ ಕಂಪ್ಯೂಟರೂ ಅದನ್ನು ದೊಡ್ಡ ಕಾಗದಕ್ಕೆ ಇಳಿಸುವ ಯಂತ್ರವೂ ಅಕ್ಕಪಕ್ಕದಲ್ಲೇ ಇದ್ದವು. ಆದರೂ ಅವೆರಡರ ಮಾತು ಓಣಿ ದಾಟಿ ಆಫೀಸಿನವರ ಪರದೆಯನ್ನೆಲ್ಲ ನಿಲ್ಲಿಸಿಬಿಡುತ್ತಿತ್ತು. ಮೇಡಂ ಆರು ತಿಂಗಳು ಯಜಮಾನರ ತಲೆ ತಿಂದು ನೀಲಿ ವೈರಿನ ಬದಲಿಗೆ ಒಂದು ಬ್ರಿಡ್ಜ್ ತರಿಸಿದರು. ಅದರ ಒಂದು ಕಿಂಡಿಗೆ ನಮ್ಮ ಹಬ್ಬು, ಇನ್ನೊಂದು ಕಿಂಡಿಯಿಂದ ಹೊಸ ವೈರಿನಲ್ಲಿ ಆಫೀಸಿನ ಹಬ್ಬು.

ಅವತ್ತು ಊಟದ ಹೊತ್ತಿನಲ್ಲಿ ಚಿತ್ರಾನ್ನ ತಿನ್ನುತ್ತಾ ಅದರ ಬಗ್ಗೆ ಹೇಳಿಕೊಟ್ಟರು. "ಇದಕ್ಕೆ ಯಾರೂ ಹೇಳ್ಕೊಡಲ್ಲ ಕಣೇ. ಸುಮ್ನೆ ಕೇಳಿಸ್ಕೊಳ್ತಾ ಕೂತಿರುತ್ತೆ. ಯಾರು ಯಾವ ಕಡೆಯಿಂದ ಮಾತಾಡಿದ್ರು ಅಂತ ಬರ್ಕೊಳುತ್ತೆ. ಈ ಕಡೆಯೋರು ಈ ಕಡೆಯೋರಿಗೇ ಹೇಳಿದ್ರೆ ಆ ಕಡೆ ದಾಟ್ಸಲ್ಲ. ಆ ಕಡೆಯೋರಿಗಾದ್ರೆ ದಾಟ್ಸುತ್ತೆ. ಎಲ್ಲಿದಾರೋ ಗೊತ್ತಿಲ್ದೇ ಇದ್ರೆ, ಇಲ್ಲಾ ಎಲ್ರಿಗೂ ಅಂತ ಕೂಗಿದ್ರೆ, ಆಗ್ಲೂ ದಾಟ್ಸುತ್ತೆ." ಸ್ವಲ್ಪ ಹೊತ್ತು ಸದ್ದೇ ಮಾಡದವರ ಹೆಸರನ್ನು ಅಳಿಸಿಬಿಡುತ್ತದಂತೆ, ಮತ್ತೆ ಮಾತಾಡಿದರೆ ಹೊಸದಾಗಿ ಬರೆದುಕೊಳ್ಳುತ್ತದಂತೆ.

"ಥೇಟ್ ನಿಮ್ ಥರಾನೇ ಮೇಡಂ" ಎಂದು ಚುಡಾಯಿಸಿದ್ದೆ. ಅದು ಸುಳ್ಳೇನಲ್ಲ. ದಿನಕ್ಕೆ ಇಪ್ಪತ್ತು ಸಲ ಓಣಿ ದಾಟುತ್ತಿದ್ದವರು ಅವರೊಬ್ಬರೇ. ಹೊಲಿಗೆಯ ಹೆಂಗಸರು ಯಜಮಾನರನ್ನು ಬೈದದ್ದು ಆಫೀಸಿಗೆ ಹೋಗುತ್ತಿರಲಿಲ್ಲ, ಆಫೀಸಿನವರ ಕೊಂಕು ಇತ್ತ ಬರುತ್ತಿರಲಿಲ್ಲ. ಒಬ್ಬಳಿಗೆ ಮೂರು ತಿಂಗಳಾಗಿ, ವಾಂತಿ ಮಾಡಿಕೊಂಡು ಸೊರಗಿದ್ದಳು. ಯಾರಿಗೂ ಹೇಳಬೇಡಿ ಎಂದಿದ್ದಳು. ಮೇಡಂ ಆಫೀಸಿಗೆ ಹೋಗಿ, ಅವಳಿಗೆ ಫ್ಯಾನಿನ ಕೆಳಗೆ ಜಾಗ ಬೇಕು ಎಂದಷ್ಟೇ ಹೇಳಿ ಬಂದರು. ನನ್ನ ಬಾಯಾಗಿದ್ದರೆ ಅರ್ಧ ಗಂಟೆಯಲ್ಲಿ ಎರಡೂ ಕಟ್ಟಡಕ್ಕೆ ಸಿಹಿ ಹಂಚಿಯಾಗಿರುತ್ತಿತ್ತು.

ಹಳೆಯ ನೀಲಿ ವೈರನ್ನು ಅವರು ಎಸೆಯಲಿಲ್ಲ. ಅದರ ಆ ತುದಿ ಆಫೀಸಿನ ಹಬ್ಬಿನಲ್ಲೇ ಇತ್ತು. ಈ ತುದಿಯನ್ನು ನಮ್ಮ ಹಬ್ಬಿನ ಪಕ್ಕದ ಮೊಳೆಗೆ ಸುತ್ತಿಟ್ಟಿದ್ದರು. ಬ್ರಿಡ್ಜ್ ಕೆಟ್ಟರೆ ಅದನ್ನು ಬಿಚ್ಚಿ ಇದನ್ನು ಹಾಕಬೇಕು, ಎರಡೂ ಒಟ್ಟಿಗೆ ಇರಬಾರದು ಎಂದು ನನಗೆ ಒಂದು ಸಲ ಹೇಳಿದ್ದರು. ನಾನು ಹೂಂ ಅಂದಿದ್ದೆ. ಕಿವಿ ಅಲ್ಲಿತ್ತು, ಮನಸ್ಸು ಐದೂವರೆ ಬಸ್ಸಿನ ಮೇಲಿತ್ತು.

ಆಯುಧಪೂಜೆ ಬಂತು. ಕರೆಂಟ್ ಆಫ್ ಮಾಡಿ, ಎಲ್ಲ ಯಂತ್ರ ಒರೆಸಿ, ಬಾಳೆಕಂದು ಕಟ್ಟಿ, ಬೂದುಗುಂಬಳ ತಂದಿಟ್ಟರು. ಕಂಪ್ಯೂಟರುಗಳ ಪೂಜೆ ನನ್ನ ಪಾಲಿಗೆ ಬಂತು. ಉಳಿದವರು ಮೂರು ಬೆರಳಲ್ಲಿ ಕುಂಕುಮ ಬಳಿದು ಮುಂದೆ ಹೋಗುತ್ತಿದ್ದರು. ನಾನು ನಮ್ಮಜ್ಜಿ ಕಲಿಸಿದಂತೆ ಮೊದಲು ಗಂಧದ ಬೊಟ್ಟು, ಅದರ ನಡುವೆ ಕುಂಕುಮ ಇಟ್ಟುಕೊಂಡು ಬಂದೆ. ಹಬ್ಬಿನ ಹತ್ತಿರ ಬಂದಾಗ ಮೊಳೆಯ ಮೇಲಿನ ನೀಲಿ ವೈರು ಕಣ್ಣಿಗೆ ಬಿತ್ತು. ಹಬ್ಬದ ದಿನ ಯಾವುದೂ ಬರಿದಾಗಿ, ಅರ್ಧಂಬರ್ಧ ಇರಬಾರದು ಎಂಬುದೂ ನಮ್ಮಜ್ಜಿಯ ಮಾತೇ. ಹಬ್ಬಿನಲ್ಲಿ ಒಂದು ಕಿಂಡಿ ಖಾಲಿ ಇತ್ತು. ಟಕ್ ಎಂದು ಸಿಕ್ಕಿಸಿದೆ. ಅದರ ಪ್ಲಗ್ಗಿಗೂ ಗಂಧ, ಕುಂಕುಮ ಇಟ್ಟು ಕೈಮುಗಿದೆ.

ರಜೆ ಕಳೆದು ಬಾಗಿಲು ತೆಗೆದ ಬೆಳಿಗ್ಗೆ ಒಂದು ಕಂಪ್ಯೂಟರೂ ಮಾತಾಡಲಿಲ್ಲ. ಹಬ್ಬಿನ ದೀಪಗಳು ಮಿಟುಕದೆ ಒಂದೇ ಸಮ ಉರಿಯುತ್ತಿದ್ದವು. ಹೊರಗೆ ಲಾರಿ ನಿಂತಿತ್ತು, ರಟ್ಟಿನ ಪೆಟ್ಟಿಗೆಗಳಿಗೆ ಅಂಟಿಸುವ ಚೀಟಿ ಪ್ರಿಂಟ್ ಆಗುತ್ತಿರಲಿಲ್ಲ. ಮೇಡಂ ಒಂದೊಂದೇ ಕಂಪ್ಯೂಟರ್ ಬಿಚ್ಚಿ ನೋಡುತ್ತಾ ಓಣಿಯ ಆಚೆ ಈಚೆ ಓಡಾಡಿದರು. ಮಧ್ಯಾಹ್ನ ಕಳೆಯಿತು. ಲಾರಿ ಅರ್ಧ ಲೋಡಿನಲ್ಲೇ ಹೊರಟುಹೋಯಿತು. ಆಮೇಲೆ ಅವರ ಕಣ್ಣು ಖಾಲಿ ಮೊಳೆಯ ಮೇಲೆ ಬಿತ್ತು.

ಎಲ್ಲರಿಗೂ ಎಂದು ಕೂಗಿದ ಒಂದು ಮಾತನ್ನು ಬ್ರಿಡ್ಜ್ ಆ ಕಡೆ ದಾಟಿಸಿದರೆ ಅದು ನೀಲಿ ವೈರಿನಲ್ಲಿ ವಾಪಸ್ ಬರುತ್ತಿತ್ತು. ಹೊಸ ಮಾತೆಂದುಕೊಂಡು ಬ್ರಿಡ್ಜ್ ಮತ್ತೆ ದಾಟಿಸುತ್ತಿತ್ತು. ಹೀಗೆ ಸುತ್ತಿ ಸುತ್ತಿ ಬೇರೆಯವರಿಗೆ ಜಾಗವೇ ಇಲ್ಲ. ಅಂಥ ಸುತ್ತನ್ನು ತಾನೇ ಕಂಡುಹಿಡಿದು ಒಂದು ದಾರಿ ಮುಚ್ಚುವ ಬ್ರಿಡ್ಜುಗಳೂ ಇದ್ದವು, ನಮ್ಮದು ಅಷ್ಟು ಜಾಣ ಅಲ್ಲ.

ಮೇಡಂ ವೈರು ಕಿತ್ತರು. ದೀಪಗಳು ಮಿಟುಕತೊಡಗಿದವು. ಅವರು ಪ್ಲಗ್ಗನ್ನು ಒಂದು ಕ್ಷಣ ನೋಡಿ, ಸೆರಗಿನ ತುದಿಯಿಂದ ಚೆನ್ನಾಗಿ ಒರೆಸಿದರು. ಗಂಧದ ಮೇಲೆ ಕುಂಕುಮ ಇಟ್ಟವಳು ಅಲ್ಲಿ ನಾನೊಬ್ಬಳೇ. ಅವರು ಒರೆಸಿದ್ದು ಧೂಳನ್ನೇ ಇರಬೇಕು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ.

"ಯಾರ್ರೀ ಹಾಕಿದ್ದು?" ಯಜಮಾನರು ಬಾಗಿಲಲ್ಲಿ ನಿಂತಿದ್ದರು.

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು.

"ಈ ವೈರ್ ಹಾಕ್ಬೇಡಿ ಅಂತ ಚೀಟಿ ಅಂಟಿಸ್ಬೇಕಿತ್ತು ಸಾರ್, ಅಂಟಿಸಿರ್ಲಿಲ್ಲ. ನನ್ ತಪ್ಪು" ಎಂದರು ಮೇಡಂ.

ಮುಂದಿನ ತಿಂಗಳು ಹೊರಗಿನ ಕಂಪನಿಯವರು ಬಂದರು. ಮೇಡಂಗೆ ಪ್ಯಾಕಿಂಗ್‌ನಲ್ಲಿ ಕೂರಲು ಹೇಳಿದರು. ಹತ್ತು ದಿನ ಕೂತರು, ಆಮೇಲೆ ಬರುವುದನ್ನು ಬಿಟ್ಟರು. ಹೊರಗಿನವರು ವಾರಕ್ಕೊಂದು ಸಲ ಬರುತ್ತಿದ್ದರು. ಉಳಿದ ದಿನ ನೋಡಿಕೊಳ್ಳಲು ಒಬ್ಬರು ಬೇಕಿತ್ತು, ಮೇಡಂ ಕುರ್ಚಿ ನನಗೆ ಸಿಕ್ಕಿತು. ಅಲ್ಲಿ ಕಲಿತದ್ದೇ ನನ್ನನ್ನು ಈ ಕಾಲೇಜಿನವರೆಗೆ ತಂದಿತು. ಇವತ್ತು ನಾನು ತಿನ್ನುತ್ತಿರುವ ಅನ್ನ ಆ ಕುರ್ಚಿಯದ್ದೇ. ಇದನ್ನು ಹೇಳಲು ನಾಚಿಕೆಯಾಗುತ್ತದೆ.

ಆಮೇಲೆ ಒಂದೇ ಸಲ ಸಿಕ್ಕಿದ್ದರು, ವಿಜಯನಗರ ಬಸ್ ಸ್ಟ್ಯಾಂಡಿನಲ್ಲಿ. ಕೈಯಲ್ಲಿ ಸೊಪ್ಪಿನ ಚೀಲ. ಊಟ ಆಯ್ತಾ ಎಂದರು, ಬ್ರಿಡ್ಜ್ ಹೇಗಿದೆ ಎಂದರು. ನನ್ನ ಬಸ್ಸು ಬಂತು. "ಇನ್ನೇನಾದ್ರೂ ಹೇಳೋದಿದ್ಯೇನೇ?" ಎಂದು ಕೇಳಿದರು. ಇಲ್ಲ ಮೇಡಂ, ಬರ್ತೀನಿ ಎಂದು ಹತ್ತಿಬಿಟ್ಟೆ...

ಕಳೆದ ವಾರ ಆ ಡಬ್ಬ ಸಿಕ್ಕ ಸಂಜೆಯೇ, ಆಗ ಹೊಲಿಗೆ ಸೂಪರ್‌ವೈಸರ್ ಆಗಿದ್ದ ಅಕ್ಕನಿಗೆ ಫೋನ್ ಮಾಡಿ ಮೇಡಂ ನಂಬರ್ ಕೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. "ಅವ್ರು ತೀರ್ಕೊಂಡು ಎರಡು ವರ್ಷ ಆಯ್ತಲ್ಲೇ" ಎಂದರು ಅಕ್ಕ.

ತಡೆಯಲಾಗದೆ ಎಲ್ಲವನ್ನೂ ಅಕ್ಕನಿಗೇ ಹೇಳಿಬಿಟ್ಟೆ.

"ಅವ್ರಿಗೆ ಅವತ್ತೇ ಗೊತ್ತಿತ್ತು ಕಣೇ. ಯಜಮಾನ್ರಿಗೆ ಹೇಳ್ಬಿಡಿ ಅಂದೆ ನಾನು. ಬೇಡ, ಅವಳಾಗೇ ಬಂದು ನಂಗೆ ಹೇಳ್ತಾಳೆ ಅಂದ್ರು. ಆಮೇಲೂ ಸಿಕ್ಕಾಗೆಲ್ಲ ಕೇಳೋರು, ನಿನ್ ಹತ್ರ ಏನಾದ್ರೂ ಹೇಳಿದ್ಲಾ ಅಂತ."

ಫೋನ್ ಇಟ್ಟು ಅಡುಗೆಮನೆಯ ಕಟ್ಟೆಗೆ ಒರಗಿ ತುಂಬಾ ಅತ್ತೆ. ಆಮೇಲೆ, ಮನೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಟ್ಟಿಯಾಗಿಯೇ ಹೇಳಿದೆ.

"ಮೇಡಂ, ಆ ವೈರ್ ಹಾಕಿದ್ದು ನಾನು."