ಕಾಗೆ ಬಾರದ ದಂಡೆ

ಗಂಗರತ್ನಮ್ಮನ ಪೊರಕೆಗೆ ಊರೇ ಹೆದರುತ್ತಿತ್ತು. ಬೇತಮಂಗಲದ ದಾರಿಯ ಆ ಕೆರೆಯಲ್ಲಿ, ಜನ ಮೀಯುವ ಮೆಟ್ಟಿಲ ಮೇಲೆ ಯಾರಾದರೂ ಒಂದು ಶಾಂಪೂ ಪೊಟ್ಟಣ ಬಿಸಾಕಿದರೆ ಸಾಕು, ಅವರ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಪಂಚಾಯ್ತಿಯವರು ಕೆಲಸಕ್ಕಿಟ್ಟುಕೊಂಡ ಮೇಲೆ ಆ ದಂಡೆ ಅವಳಿಗೆ ಮನೆಯಂಗಳವೇ ಆಗಿಹೋಗಿತ್ತು. ರಾಬರ್ಟ್‌ಸನ್‌ಪೇಟೆ ಕಡೆಯಿಂದ ಯಾರೋ ಕದ್ದುಮುಚ್ಚಿ ತಂದು ಸುರಿಯುವ ಕೋಳಿ ಕರುಳನ್ನೂ ಪುಕ್ಕವನ್ನೂ ಬೆಳಗಾಗುವುದರೊಳಗೆ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಕಸದ ಟ್ರ್ಯಾಕ್ಟರಿಗೆಂದು ಹುಣಸೆಮರದ ಬುಡದಲ್ಲಿಡುವಳು. ನೊಣ ಹೋದವು, ನಾಯಿ ಹೋದವು. ಕಾಗೆಗಳೂ ಹೋದವು, ಅದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ದಂಡೆಯ ಚೊಕ್ಕಟ ಅಳೆಯಲು ತಾಲ್ಲೂಕಿನಿಂದ ಅರ್ಚನ ಎಂಬ ಹುಡುಗಿ ಬರುವವಳಿದ್ದಳು. ಹಗ್ಗದಿಂದ ಚೌಕ ಹಾಕಿ ಅದರೊಳಗಿನ ಕಸ ಎಣಿಸುವುದು ಅವಳ ಕೆಲಸ. ಎರಡು ಸಲ ನೋಡಿ ಒಪ್ಪಿದರೆ ಹೆಂಗಸರಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಕಟ್ಟಿಸುತ್ತಾರಂತೆ. ಒದ್ದೆ ಸೀರೆಯಲ್ಲಿ ಪೊದೆ ಹುಡುಕುತ್ತಲೇ ಬಾಳು ಸವೆಸಿದ ಗಂಗರತ್ನಮ್ಮನಿಗೆ ಆ ಕೋಣೆಯದೇ ಹುಚ್ಚು ಹಿಡಿಯಿತು.

ಅರ್ಚನ ಮೊದಲ ಸಲ ಬರುವ ಬೆಳಿಗ್ಗೆ ಗಂಡ ಸೊಣ್ಣಪ್ಪ ಎದೆ ನೀವಿಕೊಳ್ಳುತ್ತ ಜಗಲಿಯಲ್ಲಿ ಕೂತಿದ್ದ.

"ಇವತ್ತೊಂದಿನ ಓಗ್ಬೇಡ ಕಣೇ. ಇಲ್ಲೇ ಕುಂತ್ಕ," ಅಂದ.

"ಕೆರೆತಾವ ನೋಡಕ್ಕೆ ಬತ್ತವ್ರೆ. ಇಂಗೋಗಿ ಅಂಗ್ ಬತ್ತೀನಿ," ಎಂದು ಪೊರಕೆ ಹಿಡಿದು ನಡೆದಳು. ಅವಳು ತಿರುಗಿ ಬರುವಷ್ಟರಲ್ಲಿ ಸೊಣ್ಣಪ್ಪನ ಮೈ ತಣ್ಣಗಾಗಿತ್ತು.

ಹನ್ನೊಂದನೇ ದಿನದ ಕರ್ಮ ಅದೇ ದಂಡೆಯಲ್ಲಿ. ಅರ್ಚನ ಎರಡನೇ ಸಲ ಬರುವುದೂ ಅವತ್ತೇ ಎಂದಾಯಿತು. ಸೊಣ್ಣಪ್ಪನಿಗೆ ಇಷ್ಟವಾದ ಮುದ್ದೆ, ಹುರುಳಿ ಸಾರು, ವಡೆ ಎಲ್ಲ ಎಲೆಗೆ ಬಡಿಸಿ ಮೆಟ್ಟಿಲ ಮೇಲಿಟ್ಟರು. ಕಾಗೆ ಮುಟ್ಟುವ ತನಕ ಮನೆಯವರು ತುತ್ತೆತ್ತುವ ಹಾಗಿಲ್ಲ. ಮುಟ್ಟದಿದ್ದರೆ ಸತ್ತವನ ಮನಸ್ಸಲ್ಲಿ ಏನೋ ಉಳಿದಿದೆ ಎಂದೇ ಅರ್ಥ.

ಮಗ ಗೋಪಿ ಕಾ ಕಾ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಬಿಸಿಲು ನೆತ್ತಿಗೇರಿತು. ಆಕಾಶದಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲ. ಗೋಪಿಯ ಮದುವೆ ಮಾಡುತ್ತೇವೆ, ಹಸು ಮಾರುವುದಿಲ್ಲ ಎಂದೆಲ್ಲ ಬಂಧುಗಳು ಎಲೆಯ ಮುಂದೆ ಮಾತು ಕೊಟ್ಟು ನೋಡಿದರು. ಕೊನೆಗೆ ಸೊಣ್ಣಪ್ಪನ ಅಣ್ಣ ದೊಡ್ಡವೆಂಕಟಪ್ಪ ಅವಳ ಕಡೆ ತಿರುಗಿದ.

"ಅವನಿಗೇನ್ ಕೊರಗೈತೋ ನಿಂಗೇ ಗೊತ್ತಿರ್ತದೆ. ನೀನೇ ಕೇಳಮ್ಮ."

ಕೊನೆಯ ಬೆಳಿಗ್ಗೆ ಸೊಣ್ಣಪ್ಪ ಕೇಳಿದ್ದು ಗಂಗರತ್ನಮ್ಮನೊಬ್ಬಳಿಗೇ ಗೊತ್ತು. ಎಲೆಯ ಮುಂದೆ ಕುಸಿದು ಕೂತಳು.

"ನೋಡು, ಕುಂತ್ಕಂಡಿವ್ನಿ. ಇನ್ನೆಲ್ಲೂ ಓಗಾಕಿಲ್ಲ. ಬಾ."

ಬರಲಿಲ್ಲ. ಅವನು ಸಿಟ್ಟಿನಿಂದ ಬರಲಿಲ್ಲವೋ, ಕಾಗೆಗಳೇ ಇಲ್ಲದೆ ಬರಲಿಲ್ಲವೋ, ಎರಡಕ್ಕೂ ತನ್ನ ಪೊರಕೆಯೇ ಕಾರಣ ಎಂದು ಅವಳಿಗೆ ಹೊಳೆಯಿತು. ಅಷ್ಟರಲ್ಲಿ ಅರ್ಚನ ಹಗ್ಗ ಹಿಡಿದು ಬಂದವಳು, ಎಲೆಯನ್ನೂ ಜನರನ್ನೂ ಕಂಡು ದೂರದಲ್ಲೇ ನಿಂತಳು.

ಗಂಗರತ್ನಮ್ಮ ಎದ್ದು ಹುಣಸೆಮರದತ್ತ ಓಡಿದಳು. ಚೀಲ ಎಳೆದು ತಂದು, ಕಟ್ಟನ್ನು ಹಲ್ಲಿನಿಂದ ಕಿತ್ತು, ತಾನೇ ತೊಳೆದ ಮೆಟ್ಟಿಲ ಮೇಲೆ ಅದನ್ನು ಬೋರಲು ಹಾಕಿದಳು. ನಾತ ದಂಡೆಯೆಲ್ಲ ಹರಡಿತು. ಅರ್ಚನ ಹಗ್ಗವನ್ನು ಬಿಚ್ಚಲೇ ಇಲ್ಲ, ಸುಮ್ಮನೆ ಬ್ಯಾಗಿಗೆ ತುರುಕಿ ಹೊರಟುಹೋದಳು. ಗಂಗರತ್ನಮ್ಮ ಅವಳತ್ತ ನೋಡಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಕಾಗೆಗಳು ಬಂದವು. ಕರುಳಿನ ಮೇಲೆ ಬಿದ್ದು ಕಿತ್ತಾಡಿದವೇ ಹೊರತು ಎಲೆಯ ಕಡೆ ತಿರುಗಲಿಲ್ಲ. ಅವಳು ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಆ ಹೊಲಸಿನ ನಡುವೆಯೇ ಇಟ್ಟು, ಪಕ್ಕದಲ್ಲೇ ಕೂತಳು. ಒಂದು ಕಾಗೆ ಕೊಕ್ಕು ಬಗ್ಗಿಸಿತು.

"ಮುಟ್ತು, ಮುಟ್ತು," ಎಂದು ದೊಡ್ಡವೆಂಕಟಪ್ಪ ಕೈಮುಗಿದ. ಎಲ್ಲರೂ ನಿಟ್ಟುಸಿರುಬಿಟ್ಟು ಊಟಕ್ಕೆ ಎದ್ದರು. ಗೋಪಿ ಬಂದು ತಾಯಿಯ ತೋಳು ಹಿಡಿದು ಕರೆದ.

ಗಂಗರತ್ನಮ್ಮ ಏಳಲಿಲ್ಲ. ಅವಳು ಹತ್ತಿರವೇ ಇದ್ದಳು. ಕಾಗೆ ಕಚ್ಚಿಕೊಂಡು ಹೋದದ್ದು ಎಲೆಯ ಅಂಚಿಗೆ ಬಿದ್ದಿದ್ದ ಕೋಳಿ ಕರುಳು.