ಕೋಟಿನೊಳಗಿನ ಪಿನ್ನು

ಅಗಾಫಿಯಾಳ ಮನೆಯ ಮಧ್ಯದಲ್ಲಿ ಒಂದು ಗೋಡೆ ಇದೆ. ಎಬ್ಬಿಸಿದ್ದು ಅವಳ ಅತ್ತಿಗೆ. ಸೋವಿಯತ್ ಕಾಲದಲ್ಲಿ ಮನೆಯವರೇ ಆ ಹೆಂಗಸಿನ ಹೆಸರನ್ನು ಈ ವಿಳಾಸಕ್ಕೆ ಸೇರಿಸಿ ಠಸ್ಸೆ ಹಾಕಿಸಿಕೊಟ್ಟಿದ್ದರು. ಆಗ ಠಸ್ಸೆ ಬಿದ್ದವರಿಗೆ ಆ ಮನೆಯಲ್ಲಿ ಹಕ್ಕು. ಅಣ್ಣ ಅವಳನ್ನು ಬಿಟ್ಟ ಮೇಲೂ ಅವಳು ಜಾಗ ಬಿಡಲಿಲ್ಲ. ಠಸ್ಸೆ ತೋರಿಸಿ ಅರ್ಧ ಮನೆ ನುಂಗಿದಳು. ಮೂವತ್ತೆರಡು ವರ್ಷ ಉಕ್ರೇನ್ ಗಡಿಯಾಚೆಯ ಸೊರೊಕಾ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಮೇಸ್ತ್ರಿಗಳ ಬಾಯಿ ಮುಚ್ಚಿಸಿದ ಅಗಾಫಿಯಾ ಅಂದಿನಿಂದ ಹೆದರುವುದು ಠಸ್ಸೆಗೆ ಮಾತ್ರ.

ಯುದ್ಧ ಶುರುವಾದಾಗ ಬಸ್ ನಿಲ್ದಾಣದಿಂದ ರಯಿಸಾಳನ್ನು ಕೈಹಿಡಿದು ಮನೆಗೆ ಕರೆತಂದವಳೂ ಇವಳೇ. ರಯಿಸಾ ಉಕ್ರೇನಿನ ಮಿಕೊಲಾಯಿವ್‌ನಲ್ಲಿ ಭೂಗೋಳದ ಟೀಚರು, ಸಕ್ಕರೆ ಕಾಯಿಲೆಯವಳು. ಬಂದವಳು ಸುಮ್ಮನೆ ಕೂರಲಿಲ್ಲ. ದ್ರಾಕ್ಷಿ ಬಳ್ಳಿ ಸವರಿದಳು, ಗೋಡೆಗೆ ಸುಣ್ಣ ಬಳಿದಳು. ಅಗಾಫಿಯಾ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು: "ನನ್ ತಂಗಿ ಇದ್ದಂಗೆ ಕಣ್ರೀ. ಎಷ್ಟು ವರ್ಷ ಬೇಕಾದ್ರೂ ಇರ್ಲಿ!"

ಒಂದು ವರ್ಷವಾದ ಮೇಲೆ ಸರ್ಕಾರದ ಹೊಸ ನಿಯಮ ಬಂತು. ಹೀಗೆ ಬಂದವರು ತಾತ್ಕಾಲಿಕ ರಕ್ಷಣೆಗೆ ಹೆಸರು ಬರೆಸಬೇಕು. ಆ ಚೀಟಿಯಿದ್ದರೆ ಕೆಲಸ, ಡಾಕ್ಟರು ಎಲ್ಲ. ಆದರೆ ಎಲ್ಲಿ ವಾಸ ಎಂಬುದಕ್ಕೆ ಮನೆಯವರು ಬಂದು, ತಮ್ಮ ಗುರುತಿನ ಕಾರ್ಡು ತೋರಿಸಿ, ಸಹಿ ಹಾಕಬೇಕು. ರಯಿಸಾಳ ಬಳಿ ಇನ್ನು ಎರಡು ವಾರಕ್ಕಾಗುವಷ್ಟೇ ಇನ್ಸುಲಿನ್ ಇತ್ತು.

"ಬರ್ತೀರಾ ಅಕ್ಕ?"

"ಅಯ್ಯೋ, ಅದನ್ನೂ ಕೇಳ್ಬೇಕಾ ಹುಚ್ಚಿ!"

ಹೊರಡುವ ಬೆಳಿಗ್ಗೆ ಅಗಾಫಿಯಾ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿದಳು. ಎಲ್ಲಾದರೂ ಬಿದ್ದುಹೋದೀತೆಂದು ರಯಿಸಾಳೇ ಅದನ್ನು ಅವಳ ಕೋಟಿನ ಒಳಮೈಗೆ ಪಿನ್ನು ಹಾಕಿ ಸಿಕ್ಕಿಸಿದಳು.

ಕಚೇರಿಯ ಸಾಲಿನಲ್ಲಿ ಎರಡು ಗಂಟೆ ನಿಂತರು. ಕಿಟಕಿಯಾಚೆಯ ಹುಡುಗಿ ಕೈ ಚಾಚಿದಳು. "ಕಾರ್ಡು ಕೊಡಿ ಅಮ್ಮ." ಅವಳ ಮೇಜಿನ ಮೇಲೆ ಒಂದು ಠಸ್ಸೆ ಕೂತಿತ್ತು.

ಅಗಾಫಿಯಾಳ ನಾಲಿಗೆ ತಾನಾಗಿಯೇ ಹೊರಳಿತು. "ಮನೇಲೇ ಮರ್ತ್ ಬಂದ್ಬಿಟ್ಟೆ."

ಪಕ್ಕದಲ್ಲೇ ರಯಿಸಾ ನಿಂತಿದ್ದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು ಅಗಾಫಿಯಾ. ರಯಿಸಾ ಬೈಯಲಿಲ್ಲ, ಹುಡುಗಿಗೆ ಮೆಲ್ಲಗೆ ಹೇಳಿದಳು: "ಹೌದಮ್ಮ, ಮರೆತ್ವಿ. ಇನ್ನೊಂದ್ ದಿನ ಬರ್ತೀವಿ."

ಬಸ್ಸಿನಿಂದ ಇಳಿಯುವಾಗ ರಯಿಸಾ ಎಂದಿನಂತೆ ಅವಳ ಚೀಲ ಹೊತ್ತಳು. ಮೂರನೆಯ ದಿನ ಬೆಲ್ತ್ಸಿ ಊರಿನ ನಿರಾಶ್ರಿತರ ವಸತಿಗೆ ಹೊರಟುಹೋದಳು. "ಅಲ್ಲಿ ವಿಳಾಸಾನೂ ಅವ್ರೇ ಕೊಡ್ತಾರಂತೆ ಅಕ್ಕ," ಅಂದಳು, ಅಷ್ಟೇ. ಬೀದಿಯವರು ಕೇಳಿದರೆ ಅಗಾಫಿಯಾ, "ಅವ್ಳಿಗೆ ಪಟ್ಟಣಾನೇ ಇಷ್ಟ," ಅಂದಳು. ಹೇಳುತ್ತಲೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಂಚೆಯ ವೆರೋನಿಕಾ ಪಿಂಚಣಿ ತಂದಾಗ ಅಗಾಫಿಯಾ ಸುತ್ತಿ ಬಳಸಿ ಕೇಳಿದಳು: ಸಹಿ ಹಾಕಿದರೆ ಮನೆ ಹೋಗುತ್ತದೆಯೇ?

ವೆರೋನಿಕಾ ಬಿದ್ದು ಬಿದ್ದು ನಕ್ಕಳು. "ಇನ್ನೊಂದ್ ಗೋಡೆ ಕಟ್ತಾಳೆ ಅನ್ಕೊಂಡ್ಯಾ? ಎಲ್ಲಿ ಮಲಗ್ತಾಳೆ ಅಂತ ಹೇಳೋ ಕಾಗದ ಅದು! ಬೇಡ ಅನ್ಸಿದ್ರೆ ಹೋಗಿ ತೆಗೆಸ್ಬೋದು. ಆ ಠಸ್ಸೆ ಕಾಲ ಸತ್ತು ಎಷ್ಟ್ ವರ್ಷ ಆಯ್ತು, ಅಗಾಫಿಯಾ!"

ಅಗಾಫಿಯಾಳಿಗೆ ನಗು ಬರಲಿಲ್ಲ.

ಸತ್ತವರ ಈಸ್ಟರ್ ಬಂತು. ಅಂದು ಸಮಾಧಿಗಳ ಬಳಿ ತೀರಿಹೋದವರ ಹೆಸರಿನಲ್ಲಿ ರೊಟ್ಟಿ, ಬಟ್ಟಲು, ಮೇಣದಬತ್ತಿ ದಾನ ಕೊಡುತ್ತಾರೆ, ಪಡೆಯುವವರು ಬೇಡವೆನ್ನುವಂತಿಲ್ಲ. ಅಗಾಫಿಯಾ ಒಂದು ಪಾಲನ್ನು ಟವೆಲಿನಲ್ಲಿ ಕಟ್ಟಿಕೊಂಡು ಬೆಲ್ತ್ಸಿಗೆ ಹೋದಳು. ಬೇರೆ ಯಾವ ಮುಖ ಹೊತ್ತು ಹೋಗಬೇಕೆಂದು ಅವಳಿಗೆ ತಿಳಿಯಲಿಲ್ಲ.

ಗೇಟಿನ ಕಾವಲುಗಾರ ಪುಸ್ತಕ ತೆರೆದ. "ಕಾರ್ಡು ತೋರ್ಸಿ ಅಮ್ಮ. ಹೆಸ್ರು ಬರ್ಕೋಬೇಕು."

ಅಗಾಫಿಯಾ ಕೋಟಿನೊಳಗೆ ಕೈ ಹಾಕಿದಳು. ಪಿನ್ನು ಬಟ್ಟೆಗೆ ಸಿಕ್ಕಿಕೊಂಡು ಬಿಚ್ಚಲಾಗಲಿಲ್ಲ. ಅಷ್ಟರಲ್ಲಿ ರಯಿಸಾ ಅಂಗಳಕ್ಕೆ ಬಂದಿದ್ದಳು. ಮೊದಲಿಗಿಂತ ಇಳಿದುಹೋಗಿದ್ದಳು.

"ತಡೀರಿ ಅಕ್ಕ, ಚುಚ್ಕೋತೀರ." ಅವಳೇ ಪಿನ್ನು ಬಿಚ್ಚಿದಳು.

"ಅವತ್ತೂ ಇಲ್ಲೇ ಇತ್ತು, ರಯಿಸಾ." ಅಗಾಫಿಯಾ ನೆಲ ನೋಡುತ್ತಿದ್ದಳು.

"ಗೊತ್ತು ಅಕ್ಕ. ಪಿನ್ನು ಹಾಕಿದ್ದು ನಾನೇ ಅಲ್ವಾ?" ಎಂದು ರಯಿಸಾ ಕಾರ್ಡನ್ನು ಕಾವಲುಗಾರನ ಮುಂದಿಟ್ಟಳು.