ಒಣ ತುದಿಯಲ್ಲಿ ಕೂರುತ್ತಿದ್ದ ನೀಲಪ್ಪ

ಸೋಮವಾರ, ಬೆಳಿಗ್ಗೆ ಆರು ಗಂಟೆ. ಕರ್ಜಗಿಯ ಕಬ್ಬಿನ ಹೊಲದಲ್ಲಿ ಹಾಜರಿದ್ದವರು ನಾನು ಮತ್ತು ಸೊಸೆ ಶೈಲಾ. ನಮ್ಮ ಹೊಲಕ್ಕೆ ನೀರು ಹಾಯಿಸುತ್ತಿದ್ದ ಆಳು ನೀಲಪ್ಪ ತೀರಿಕೊಂಡ ಮೇಲಿನ ಮೊದಲ ನೀರು ಇದು.

ಕಬ್ಬಿಗೆ ನೀರು ಹಾಯಿಸುವವರೆಲ್ಲ ನೀರು ಒಳಹೋಗುವ ಸಾಲಿನ ಬಾಯಿಯಲ್ಲಿ ನಿಲ್ಲುತ್ತಾರೆ. ನೀಲಪ್ಪ ಮಾತ್ರ ಒಣ ತುದಿಗೆ ಹೋಗಿ, ಬರುವ ನೀರಿಗೆ ಮುಖಮಾಡಿ ಕುಕ್ಕರಗಾಲಲ್ಲಿ ಕೂರುತ್ತಿದ್ದ. "ಬಾಯಾಗ ನಿಂತ್ರ ಹೊಲಾ ಎಲ್ಲಾ ತೊಯ್ದಂಗ ಕಾಣತೈತ್ರಿ ಮಾಸ್ತರ. ತುದ್ಯಾಗ ಕುಂತ್ರ ಖರೇ ತಿಳಿತೈತಿ." ನೀರು ಮುಕ್ಕಾಲು ಸಾಲು ದಾಟಿದ ಕೂಡಲೇ ಕೂಗುತ್ತಿದ್ದ, "ಬಂದ್ ಮಾಡ್ರಿ!" ಉಳಿದ ಕಾಲು ಭಾಗವನ್ನು ಒಳಗಿದ್ದ ನೀರೇ ಹರಿದು ತೋಯಿಸುತ್ತಿತ್ತು.

ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ನಿವೃತ್ತನಾಗಿ ಹೊಲಕ್ಕೆ ಇಳಿದ ಮೊದಲ ವರ್ಷ ಕೈಗಡಿಯಾರ ಹಿಡಿದು ಪ್ರತಿ ಸಾಲಿಗೂ ಇಪ್ಪತ್ತೇ ನಿಮಿಷ ಎಂದು ಕಟ್ಟಪ್ಪಣೆ ಮಾಡಿದೆ. ಮೇಲಿನ ಕಬ್ಬು ಕೆಸರಲ್ಲಿ ಹಳದಿಯಾಯಿತು, ಕೆಳಗಿನದು ಗರಿ ಸುರುಳಿ ಸುತ್ತಿತು.

"ಡ್ರಿಲ್ ಮಾಡಸಾಕ ಇವೇನ್ ಹುಡುಗರೇನ್ರಿ? ಒಂದೊಂದು ಸಾಲು ಒಂದೊಂದು ನಮೂನಿ ಕುಡೀತೈತಿ" ಎಂದು ನೀಲಪ್ಪ ನಕ್ಕ. ನನಗೆ ಸಿಟ್ಟು ಬಂತು. ಆದರೂ ಮರುದಿನದಿಂದ ಗಡಿಯಾರ ಮನೆಯಲ್ಲೇ ಬಿಟ್ಟು ಬಂದೆ.

ಎರಡು ವರ್ಷದ ಹಿಂದೆ ಬೋರಿನ ನೀರು ಸಣ್ಣದಾಯಿತು. ಕಡಿದ ಬುಡದಿಂದ ಮತ್ತೆ ಚಿಗುರಿದ್ದ ಕೂಳೆ ಕಬ್ಬನ್ನು ಕಿತ್ತುಹಾಕುವುದೆಂದು ನಿರ್ಧರಿಸಿದ್ದೆ. ನೀಲಪ್ಪ ಅಡ್ಡ ನಿಂತ. ಒಂದು ಸಾಲು ಬಿಟ್ಟು ಒಂದಕ್ಕೆ ನೀರು ಕೊಟ್ಟು, ಬಿಟ್ಟ ಸಾಲಿಗೆ ಕಬ್ಬಿನ ಒಣಗರಿಯ ರವದಿ ಹಾಸಿದ.

"ಅರ್ಧ ಹೊಲಾ ಉಪವಾಸ ಕೆಡವತೀಯೇನ?" ಎಂದು ಗದರಿದೆ.

"ಬೈಯೂದು ಆಮೇಲೆ. ಮೊದಲ ಕೈ ಹಾಕ್ರಿ ಇಲ್ಲಿ."

ರವದಿ ಸರಿಸಿ ಕೈ ಹಾಕಿದೆ. ಎರೆಮಣ್ಣು ತಣ್ಣಗೆ ಅಂಟಿತು. ಕಬ್ಬು ಉಳಿಯಿತು.

ಹೋದ ತಿಂಗಳು ಅವನು ಹಲಗೇರಿಯ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ ನೋಡಲು ಹೋದೆ. ನನ್ನ ಯೋಗಕ್ಷೇಮ ಕೇಳಲಿಲ್ಲ.

"ಕಡೀ ಸಾಲಿಗೆ ಮುಟ್ಟೇತೇನ್ರಿ ನೀರು?"

"ಮುಟ್ಟೇತಿ" ಎಂದೆ. ಮುಟ್ಟಿರಲಿಲ್ಲ. ಮೊಣಕಾಲು ನೋವಿಗೆ ಸೋತು ಕೆಳಗಿನ ಆರು ಸಾಲು ಬಿಟ್ಟೇ ಹೋಗಿದ್ದೆ. ಅವನು ಕಣ್ಣು ಮುಚ್ಚಿಕೊಂಡು, "ಹಂಗಾರ ಬಿಡ್ರಿ, ಚಲೋ ಆತು" ಎಂದ. ನಾಲ್ಕನೆಯ ದಿನ ಸುದ್ದಿ ಬಂತು.

ಇಂದು ಹತ್ತು ಗಂಟೆಗೆ ಆ ಆರರಲ್ಲಿ ಐದು ಸಾಲು ಮುಗಿದಿದ್ದವು. ನನ್ನ ಕಾಲು ಕೇಳಲೊಲ್ಲದು.

"ಸಾಕ್ರಿ ಮಾವಾರ, ಒಂದ ಉಳದೈತಿ, ನಾಳೆ ನೋಡೂಣು" ಎಂದಳು ಶೈಲಾ.

"ನಾಳೆ ಬ್ಯಾಡವ್ವ. ನಾ ಅವಗ ಮುಟ್ಟೇತಿ ಅಂತ ಹೇಳೇನಿ."

ಅವಳು ಸಲಿಕೆ ಎತ್ತಿ ಆ ಸಾಲಿನ ಬಾಯಿ ಕಡಿದುಕೊಟ್ಟಳು. ಹತ್ತೂ ನಲವತ್ತಕ್ಕೆ ಕಡೆಯ ಸಾಲಿಗೆ ನೀರು ಮುಟ್ಟಿತು. ಮೋಟರ್ ಬಂದ್ ಮಾಡಿ, ಸಲಿಕೆ ತೊಳೆದಿಟ್ಟೆ.